ಬಲ್ಬು ಹೋಯಿತು, ದೀಪಕ್ಕೆ ಜೀರ್ಣೋದ್ಧಾರವಾಯಿತು

ಹಳೆಯ ಫೈಬರ್ ಆಪ್ಟಿಕ್ ದೀಪವೊಂದು ಕತ್ತಲಾಗಿದೆ ಎಂದಿಟ್ಟುಕೊಳ್ಳಿ. ತಳದಲ್ಲಿ ಡಬ್ಬಿ, ಅದರ ನೆತ್ತಿಯಿಂದ ಕಾರಂಜಿಯ ಹಾಗೆ ಚಿಮ್ಮಿ ಬಾಗಿದ ನೂರಾರು ಎಳೆ, ಎಳೆಗೊಂದು ಚುಕ್ಕಿ ಬೆಳಕು. ನಿನ್ನೆ ಇತ್ತು, ಇವತ್ತಿಲ್ಲ. ಹೆಚ್ಚಿನ ಸಲ ಹೋಗಿರುವುದು ಬಲ್ಬು. ಪ್ಲಗ್ ಕಿತ್ತು, ಅರ್ಧ ಗಂಟೆ ಆರಲು ಬಿಟ್ಟು, ತಳದ ನಾಲ್ಕು ಸ್ಕ್ರೂ ಬಿಚ್ಚಿ, ಸತ್ತ ಬಲ್ಬು ತೆಗೆದು ಹೊಸದು ಹಾಕಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದ ಕೆಲಸಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಆದ್ದರಿಂದ ಜೀರ್ಣೋದ್ಧಾರ. ಹಳೆಯ ವಸ್ತುಗಳ ಲೋಕದಲ್ಲೀಗ ಉದ್ಧಾರಕರ ಸುಗ್ಗಿ. ನೆಗಡಿಗೆ ಮೂಗು ಕೊಯ್ಯುವುದನ್ನು ಅವರು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಆ ಶಾಸ್ತ್ರ ಯಾರ ನೆನಪಿನಿಂದಲೂ ಅಳಿಯಬಾರದಲ್ಲ, ಅದಕ್ಕೇ ಈ ಬರಹ.

ಶಾಸ್ತ್ರದ ಮೊದಲ ಸೂತ್ರ: ಬಲ್ಬನ್ನು ನೋಡಕೂಡದು. ನೋಡಿದರೆ ಕಾರಣ ಗೊತ್ತಾಗಿಬಿಡುತ್ತದೆ, ಜೀರ್ಣೋದ್ಧಾರ ಅಲ್ಲಿಗೇ ನಿಂತುಹೋಗುತ್ತದೆ. ಇನ್ನು ತಳದ ಚೀಟಿಯಲ್ಲಿ ಬಲ್ಬಿನ ವೋಲ್ಟು ವ್ಯಾಟು ಎರಡೂ ಅಚ್ಚಾಗಿರುತ್ತವಲ್ಲ, ಅದನ್ನಂತೂ ಓದಲೇಬಾರದು. ತೀರಾ ಹಳೆಯ ದೀಪಗಳಲ್ಲಿ ಕೆಲವಕ್ಕೆ ವಾಹನದ ಬಲ್ಬಿನಂಥದ್ದೇ ಇರುತ್ತದೆ. ಆಮೇಲೆ ಬಂದವಕ್ಕೆ ಕನ್ನಡಿಯ ಬಟ್ಟಲಿರುವ ಹ್ಯಾಲೊಜೆನ್: ಬಾಯಗಲ 35 ಮಿಲಿಮೀಟರ್ ಇದ್ದರೆ ಎಂಆರ್11, 50 ಇದ್ದರೆ ಎಂಆರ್16. ಎರಡೂ ಸಾಮಾನ್ಯವಾಗಿ 12 ವೋಲ್ಟಿನವು, ಆದರೆ ಪಿನ್ನುಗಳ ಅಂತರ ಬೇರೆ, ಒಂದಕ್ಕೆ 4 ಮಿಲಿಮೀಟರ್, ಇನ್ನೊಂದಕ್ಕೆ 5.3. ಹೊಸ ಬಲ್ಬಿನ ಗಾಜಿನ ಗುಳಿಗೆಯನ್ನು ಬರಿಗೈಲಿ ಮುಟ್ಟಬಾರದು. ಬೆರಳ ಜಿಡ್ಡು ಕೂತ ಜಾಗ ಅತಿಯಾಗಿ ಕಾದು ಗಾಜು ಬೇಗ ಕೆಡುತ್ತದೆ. ಮುಟ್ಟಿಯಾಗಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಆರಿದ ಮೇಲೆ ಹಾಕಬೇಕು.

ಉದ್ಧಾರಕರು ಬಲ್ಬು ಬದಲಿಸುವ ಮಟ್ಟಕ್ಕೆ ಇಳಿದರೂ ಅಲ್ಲೊಂದು ಔದಾರ್ಯ ತೋರಿಸುತ್ತಾರೆ. ಚೀಟಿಯಲ್ಲಿ 20 ವ್ಯಾಟ್ ಎಂದಿದ್ದರೆ 35ರದ್ದು ಹಾಕುತ್ತಾರೆ. ಬೆಳಕು ಜಾಸ್ತಿ ಬರಲಿ ಎಂದು. ಬರುತ್ತದೆ, ಒಂದು ಸಂಜೆ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಎಳೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಸೋಲತೊಡಗುತ್ತದೆ, 105ರ ಹೊತ್ತಿಗೆ ಮೆತ್ತಗಾಗಿ ಆಕಾರ ಬಿಡುತ್ತದೆ. ಬಲ್ಬಿಗೂ ಎಳೆಗಳ ಬುಡಕ್ಕೂ ನಡುವೆ ಒಂದು ದಪ್ಪ ಗಾಜಿನ ಬಿಲ್ಲೆ ಇದ್ದರೆ ಅದು ಶಾಖ ತಡೆಯಲೆಂದೇ ಇಟ್ಟದ್ದು. ‘ಇದ್ಯಾಕೋ ಅಡ್ಡ ಬಂದಿದೆ’ ಎಂದು ಅದನ್ನೂ ಕಿತ್ತು ಪಕ್ಕಕ್ಕಿಡುತ್ತಾರೆ. ಎಳೆಗಳ ಬುಡ ಕಂದುಬಣ್ಣಕ್ಕೆ ತಿರುಗಿ, ಕರಗಿ, ಗುಳಿ ಬೀಳುತ್ತದೆ. ಆಮೇಲೆ ತೀರ್ಪು: ‘ಫೈಬರ್ ಹಳೇದಾಗಿತ್ತು.’

ಆಮೇಲೆ ಟ್ರಾನ್ಸ್‌ಫಾರ್ಮರ್. ಭಾರವಾಗಿದೆ, ಸ್ವಲ್ಪ ಗುಂಯ್ ಎನ್ನುತ್ತದೆ. ಉದ್ಧಾರಕರ ಕಣ್ಣಿಗೆ ಇವೆರಡೂ ಮರಣದಂಡನೆಗೆ ಸಾಕಾಗುವ ಅಪರಾಧಗಳು. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಹನ್ನೆರಡು ವೋಲ್ಟಿನ ಕಡೆ ಹಿಡಿದರೆ ಸತ್ಯ ಗೊತ್ತಾಗುತ್ತದೆ. ಬಲ್ಬಿಲ್ಲದೆ 13-14 ತೋರಿಸಬಹುದು, ಗಾಬರಿ ಬೇಡ. ಬಲ್ಬು ಉರಿಯುವಾಗ 11.5ರಿಂದ 12 ಇದ್ದರೆ ಆರೋಗ್ಯವಾಗಿದೆ. ಸೊನ್ನೆ ಬಂದರೂ ಸುರುಳಿಯೇ ಸುಟ್ಟಿರಬೇಕೆಂದಿಲ್ಲ. ಮುಖ್ಯ ವಿದ್ಯುತ್ತಿನ ಕಡೆಯ ಸುರುಳಿಯ ಟೇಪಿನಡಿ, ಅತಿಯಾಗಿ ಕಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಇದ್ದರೆ ಅನೇಕ ಸಲ ಅದೇ ಹೋಗಿರುತ್ತದೆ. ಅದೇ ಡಿಗ್ರಿಯ, ಅದೇ ಆಂಪಿಯರಿನದ್ದು ಹಾಕಬೇಕು, ಅದೂ ಕ್ರಿಂಪ್ ಮಾಡಿ, ಅಂದರೆ ತಂತಿಗಳನ್ನು ಲೋಹದ ಕೊಳವೆಯೊಳಗಿಟ್ಟು ಒತ್ತಿ. ಬೆಸುಗೆ ಹಾಕಿದರೆ ಆ ಶಾಖಕ್ಕೇ ಹೊಸ ಫ್ಯೂಸ್ ಹಾರಿಬಿಡುತ್ತದೆ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತುವ ಜಾಣರೂ ಇದ್ದಾರೆ. ಅವರ ವಿಷಯ ಅಗ್ನಿಶಾಮಕದವರಿಗೆ ಬಿಟ್ಟದ್ದು.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಟ್ರಾನ್ಸ್‌ಫಾರ್ಮರನ್ನೇ ಕಸದ ಬುಟ್ಟಿಗೆ ಹಾಕಿ, 12 ವೋಲ್ಟಿನ ಡಿಸಿ ಅಡಾಪ್ಟರ್ ತರುತ್ತಾರೆ. ಹನ್ನೆರಡಕ್ಕೆ ಹನ್ನೆರಡು, ಲೆಕ್ಕ ಸರಿಯಾಯಿತು! ಬಲ್ಬು ಉರಿಯುತ್ತದೆ, ಬಲ್ಬಿಗೂ ಎಳೆಗಳಿಗೂ ನಡುವೆ ತಿರುಗುತ್ತಾ ಬೆಳಕಿನ ಬಣ್ಣ ಬದಲಿಸುವ ಬಣ್ಣದ ಚಕ್ರ ಮಾತ್ರ ಒಮ್ಮೆ ಬೆಚ್ಚಿಬಿದ್ದಂತೆ ಅಲುಗಾಡಿ ನಿಂತುಬಿಡುತ್ತದೆ. ಚಕ್ರ ತಿರುಗಿಸುವುದು ಪುಟ್ಟ ಸಿಂಕ್ರೊನಸ್ ಮೋಟರ್. ಅದರ ನಡಿಗೆ ಎಸಿಯ ತಾಳದ ಮೇಲೆ: 50 ಹರ್ಟ್ಸಿಗೆ ನಿಮಿಷಕ್ಕೆ 5 ಸುತ್ತು ಹಾಕುವ ಮೋಟರ್ 60 ಹರ್ಟ್ಸಿಗೆ 6 ಸುತ್ತು ಹಾಕುತ್ತದೆ. ಡಿಸಿಯಲ್ಲಿ ತಾಳವೇ ಇಲ್ಲ, ಹೆಜ್ಜೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಡಿಸಿಗೆ ಸುರುಳಿಯ ಬರೀ ತಂತಿಯ ಅಡ್ಡಿಯಷ್ಟೇ ಎದುರಾಗುವುದರಿಂದ ಕರೆಂಟು ಹೆಚ್ಚು ಹರಿದು, ಮೋಟರ್ ಕೂತಲ್ಲೇ ಕಾಯುತ್ತದೆ. ಅಡಾಪ್ಟರಿನ ಬದಲು ಹಗುರ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ತಂದರೂ ಗತಿ ಇಷ್ಟೇ. ಅದು ಎಸಿಯನ್ನೇನೋ ಕೊಡುತ್ತದೆ, ಆದರೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಯುವ ಎಸಿ. ಆ ವೇಗಕ್ಕೆ ಪಾಪದ ಮೋಟರ್ ಹೆಜ್ಜೆ ಹಾಕುವುದುಂಟೇ? ಇಲ್ಲೂ ಮೋಟರಿನ ಮೇಲೆಯೇ ಆರೋಪ, ಇಲ್ಲೂ ಕಸದ ಬುಟ್ಟಿ.

ಅಸಲಿ ಟ್ರಾನ್ಸ್‌ಫಾರ್ಮರಿಗೇ ಜೋಡಿಸಿದಾಗ ಮೋಟರ್ ಗುಂಯ್ ಎಂದರೂ ಚಕ್ರ ತಿರುಗದಿದ್ದರೆ ಹೆಚ್ಚಾಗಿ ಗೇರುಗಳ ಗ್ರೀಸ್ ಗಟ್ಟಿಯಾಗಿರುತ್ತದೆ, ಇಲ್ಲವೇ ಚಕ್ರ ವಾರೆಯಾಗಿ ಎಲ್ಲೋ ಉಜ್ಜುತ್ತಿರುತ್ತದೆ. ಚಕ್ರ ತೆಗೆದು ಬರೀ ದಂಡ ತಿರುಗುತ್ತದೆಯೇ ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ದಂಡವನ್ನು ಕೈಯಿಂದ ಬಲವಂತವಾಗಿ ತಿರುಗಿಸಬಾರದು, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರುತ್ತದೆ. ಹಳೆಯ ಗ್ರೀಸ್ ಒರೆಸಿ, ಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಸಿಲಿಕೋನ್ ಗ್ರೀಸ್ ಸಾಕು. ಇಂಥ ಮೋಟರುಗಳಲ್ಲಿ ಹಲವು ಇವತ್ತು ಬಲಕ್ಕೆ, ನಾಳೆ ಎಡಕ್ಕೆ ತಿರುಗುತ್ತವೆ. ಅದು ದೋಷವಲ್ಲ, ಶುರುವಾದ ಕ್ಷಣದಲ್ಲಿ ಎಸಿಯ ಅಲೆ ಎಲ್ಲಿತ್ತೋ ಅದರ ಮೇಲೆ ದಿಕ್ಕು. ಉದ್ಧಾರಕರು ಇದನ್ನು ‘ಮೋಟರ್ ಗೊಂದಲದಲ್ಲಿದೆ’ ಎಂದು ನಿರ್ಣಯಿಸುತ್ತಾರೆ. ಗೊಂದಲ ಇರುವುದಂತೂ ನಿಜ.

ಚಕ್ರ ನಿಂತಿತಲ್ಲ, ಬಣ್ಣಕ್ಕೇನು ಮಾಡುವುದು? ಎಲ್‌ಇಡಿ. ರಿಮೋಟಿನೊಂದಿಗೆ 16 ಬಣ್ಣ. ಮಿಂಚುವ, ಮಿನುಗುವ, ಕುಣಿಯುವ, ಅಪಸ್ಮಾರ ಬಂದಂತೆ ಒದ್ದಾಡುವ ನಾಲ್ಕು ವಿಧಾನ. ಹಳೆಯ ಚಕ್ರದ ಸೊಗಸು ಇದ್ದದ್ದೇ ನಿಧಾನದಲ್ಲಿ. ಕೆಂಪಿನ ಅಂಚು ಎಳೆಗಳ ಬುಡವನ್ನು ಓರೆಯಾಗಿ ದಾಟುವಾಗ ಅರ್ಧ ಎಳೆ ಕೆಂಪು, ಅರ್ಧ ಹಸಿರು, ನಡುವೆ ಹೆಸರಿಲ್ಲದ ಒಂದು ಬಣ್ಣ. ಎಲ್‌ಇಡಿಯಲ್ಲಿ ಎಲ್ಲ ಎಳೆಗೂ ಒಮ್ಮೆಗೇ ಒಂದೇ ಬಣ್ಣ. ಇನ್ನೊಂದು ಲೆಕ್ಕವೂ ಇದೆ. ಅಕ್ರಿಲಿಕ್ ಎಳೆ ತನ್ನ ನೇರದಿಂದ ಸುಮಾರು 30 ಡಿಗ್ರಿಯೊಳಗೆ ಬಂದ ಬೆಳಕನ್ನಷ್ಟೇ ಒಳಗೆ ಬಿಟ್ಟುಕೊಂಡು ಸಾಗಿಸುತ್ತದೆ, ಉಳಿದದ್ದು ಪಕ್ಕದಿಂದ ಸೋರಿಹೋಗುತ್ತದೆ. 120 ಡಿಗ್ರಿ ಹರಡುವ ಎಲ್‌ಇಡಿಯನ್ನು ಲೆನ್ಸಿಲ್ಲದೆ ಅಂಟಿಸಿದರೆ ಡಬ್ಬಿಯೊಳಗೆ ಹಬ್ಬದ ಬೆಳಕು, ಎಳೆಯ ತುದಿಯಲ್ಲಿ ಅಮಾವಾಸ್ಯೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇಲ್ಲಿ ಹೊಟ್ಟೆ ತುಂಬಿದೆ, ಜುಟ್ಟೇ ಬೋಳು. ಎಲ್‌ಇಡಿ ಹಾಕಲೇಬೇಕೆಂದರೆ ಕಿರಿದಾದ ಕಿರಣದ, 12 ವೋಲ್ಟ್ ಎಸಿಗೆ ಒಗ್ಗುವ ಬಿಳಿ ಎಂಆರ್ ಬಲ್ಬು ಹಾಕಿ, ಚಕ್ರ, ಮೋಟರು, ಟ್ರಾನ್ಸ್‌ಫಾರ್ಮರು ಮೂರನ್ನೂ ಇದ್ದಲ್ಲೇ ಬಿಡಬಹುದು. ಇದು ಜೀರ್ಣೋದ್ಧಾರವಲ್ಲ, ಬರೀ ಬುದ್ಧಿವಂತಿಕೆ, ಹಾಗಾಗಿ ಚಲಾವಣೆಯಲ್ಲಿಲ್ಲ. 1841ರಲ್ಲಿ ಭೌತವಿಜ್ಞಾನಿ ಕೊಲ್ಲಾಡನ್ ಜಿನೀವಾದಲ್ಲಿ ನೀರಿನ ಧಾರೆಯೊಳಗೆ ಬೆಳಕನ್ನು ಬಾಗಿಸಿ ತೋರಿಸಿದಾಗ ಆತನ ಬಳಿಯೂ ರಿಮೋಟ್ ಇರಲಿಲ್ಲ, ಜನ ಹೇಗೋ ಸುಧಾರಿಸಿಕೊಂಡರು.

ಈಗ ಕ್ಷೌರ. ಎಳೆಗಳ ಮೇಲೆ ದಶಕಗಳ ದೂಳು ಕೂತು ಬೆಳಕು ಮಂಕಾಗಿದ್ದರೆ ಉದ್ಧಾರಕರು ಕತ್ತರಿ ಹಿಡಿದು ತುದಿಗಳನ್ನೆಲ್ಲ ಸಮ ಮಾಡುತ್ತಾರೆ. ಉದ್ದ ಗಿಡ್ಡ ಎಳೆಗಳ ಹಂತ ಹಂತದ ಇಳಿಜಾರಿನಿಂದಲೇ ಆ ಗುಂಡು ಆಕಾರ ಬಂದದ್ದು. ಸಮ ಮಾಡಿದ ಮೇಲೆ ದೀಪ ಪೊರಕೆಯಂತೆ ಕಾಣುತ್ತದೆ. ಕತ್ತರಿ ತುದಿಯನ್ನು ಜಜ್ಜುವುದರಿಂದ ಚುಕ್ಕಿ ಬೆಳಕೂ ಮಸುಕು. ಅದಕ್ಕೂ ಮೊದಲು ಕೆಲವರು ಥಿನ್ನರಿನಲ್ಲೋ ಅಸಿಟೋನಿನಲ್ಲೋ ಒರೆಸಿರುತ್ತಾರೆ, ಅಕ್ರಿಲಿಕ್ ಅದರಲ್ಲಿ ಕರಗುತ್ತದೆ. ಬಾಗಿ ಬಿಗಿತದಲ್ಲಿರುವ ಎಳೆಗೆ ಸ್ಪಿರಿಟ್ ಕೂಡ ಸಣ್ಣ ಸಣ್ಣ ಬಿರುಕು ತರಬಲ್ಲದು. ಬೇಕಾದದ್ದು ಉಗುರುಬೆಚ್ಚಗಿನ ನೀರು, ಲೀಟರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಸೋಪು. ಕಟ್ಟನ್ನು ಬುಡದ ಬಳೆಯಲ್ಲಿ ಹಿಡಿದು, ತಲೆಕೆಳಗಾಗಿ ಬಕೆಟಿಗೆ ಇಳಿಸಿ, ಮೆಲ್ಲಗೆ ಅಲುಗಿಸಿ ಎತ್ತಬೇಕು. ಬುಡ ನೆನೆಯಬಾರದು. ಎಳೆಗಳ ಸಂದಿಗೆ ನೀರು ಏರಿದರೆ ವಾರಗಟ್ಟಲೆ ಇಳಿಯದು. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಒಂದು ಮುಳುಗು, ಆಮೇಲೆ ಒಂದು ದಿನ ತಲೆಕೆಳಗಾಗಿ ನೇತುಹಾಕುವುದು. ಒಣಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ತು ಹುಟ್ಟಿ ದೂಳು ಮತ್ತೆ ಓಡೋಡಿ ಬರುತ್ತದೆ. ಇದೆಲ್ಲ ಅಕ್ರಿಲಿಕ್‌ಗೆ. ಗಾಜಿನ ಎಳೆಗಳ ದೀಪವಾದರೆ ಮುಟ್ಟುವ ಮೊದಲೇ ಕೈಗವಸು, ಕನ್ನಡಕ. ಉದುರಿದ ಚೂರು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಗೊತ್ತಾಗುತ್ತದೆ. ನೆಲದ ಚೂರನ್ನು ಅಂಟುಟೇಪಿನಿಂದ ಎತ್ತಬೇಕು.

ಕಂದಾದ ಬುಡಕ್ಕೂ ಮದ್ದಿದೆ. ಸಪಾಟು ಗಾಜಿನ ಮೇಲೆ ನೀರುಕಾಗದವಿಟ್ಟು (ನೀರು ಹಾಕಿ ಉಜ್ಜುವ ಮರಳುಕಾಗದ) ಒರಟಿನಿಂದ ನುಣುಪಿಗೆ 400, 800, 1500, 2000 ನಂಬರು ಹೀಗೆ ಏರುತ್ತಾ, ನೀರು ಹಾಕಿ ಎಂಟರ ಆಕಾರದಲ್ಲಿ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಕಂದು ಪದರ ಸವೆದರೆ ಬೆಳಕು ವಾಪಸು ಬಂದಂತೆ ಕಾಣುತ್ತದೆ. ಚಕ್ರದ ಬಣ್ಣದ ಹಾಳೆ ಬೆಳ್ಳಗಾಗಿದ್ದರೆ ರಂಗದೀಪಕ್ಕೆ ಹಾಕುವ ಶಾಖ ತಡೆಯುವ ಹಾಳೆ ಕತ್ತರಿಸಿ ಅಂಚಿಗೆ ಮಾತ್ರ ಅಂಟಿಸಿದರೆ ಸಾಕು. ಗಾಢ ನೀಲಿ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಹೆಚ್ಚು ಬೆಳಕು ನುಂಗಿ ಹೆಚ್ಚು ಕಾಯುವುದು ಅದೇ.

ಬಲ್ಬಿನ ನಂತರ ಈ ದೀಪದಲ್ಲಿ ಯೋಚನೆಯಿಲ್ಲದೆ ಕಿತ್ತೆಸೆಯಬೇಕಾದ ಒಂದೇ ಒಂದು ವಸ್ತುವಿದೆ: ಮುಖ್ಯ ವಿದ್ಯುತ್ತಿನ ವೈರು. ಹೊರಕವಚ ಬಿರುಸಾಗಿ, ಬಗ್ಗಿಸಿದರೆ ಬಿರಿದು, ತಾಮ್ರ ಇಣುಕುವ ವೈರು. ತಳ ಲೋಹದ್ದಾಗಿದ್ದರೆ ಅರ್ತಿಂಗ್ ಇರುವ ಮೂರು ತಂತಿಯದ್ದೇ ಹಾಕಿ, ಅರ್ತಿಂಗನ್ನು ತಳಕ್ಕೆ ಸ್ಕ್ರೂನಿಂದ ಬಿಗಿದು, ವೈರು ಎಳೆದರೆ ಕಿತ್ತು ಬಾರದಂತೆ ಒಳಗೆ ಹಿಡಿಕೆ ಕೊಡಬೇಕು. ಉದ್ಧಾರಕರು ಭಕ್ತಿಯಿಂದ ಉಳಿಸಿಕೊಳ್ಳುವುದು ಇದೊಂದನ್ನೇ. ಬಿರುಕು ಹಳೆಯತನದ ಸೊಗಸಂತೆ.

ಎಲ್ಲ ಮುಗಿದ ಮೇಲೆ ಜಾಹೀರಾತು ಬರುತ್ತದೆ: ‘1970ರ ದಶಕದ ಅಸಲಿ ಫೈಬರ್ ದೀಪ. ಸಂಪೂರ್ಣ ಜೀರ್ಣೋದ್ಧಾರ. ವೈರು ಮೂಲದ್ದೇ. ರಿಮೋಟಿಗೆ ಬ್ಯಾಟರಿ ಸೇರಿಲ್ಲ.’ ಅದರ ಕೆಳಗೇ, ಅದೇ ಕೈಯಿಂದ, ಎರಡನೆಯ ಜಾಹೀರಾತು: ‘ಅಪರೂಪದ ಅಸಲಿ ಬಿಡಿಭಾಗಗಳು: ಟ್ರಾನ್ಸ್‌ಫಾರ್ಮರ್, ಮೋಟರ್, ಬಣ್ಣದ ಚಕ್ರ, ಶಾಖ ತಡೆಯುವ ಗಾಜು. ಎಲ್ಲವೂ ಸುಸ್ಥಿತಿಯಲ್ಲಿವೆ. ಬಲ್ಬು ಮಾತ್ರ ಹೋಗಿದೆ.’