ನಿಂಬೆಗೆ ಮೊದಲು ಬಿಸಿನೀರು, ಆಮೇಲೆ ಕೋಲ್ಡ್ ಸ್ಟೋರೇಜ್

ಹಣ್ಣು ಉಳಿಯಬೇಕಾ, ತಣ್ಣಗಿಡು. ಇನ್ನೂ ಉಳಿಯಬೇಕಾ, ಇನ್ನೂ ತಣ್ಣಗಿಡು. ನಮ್ಮ ಹುಬ್ಬಳ್ಳಿ ಕಡೆ ಈ ಮಾತು ಚೆನ್ನಾಗಿ ಓಡುತ್ತದೆ. ನಿಂಬೆಯ ಮಟ್ಟಿಗೆ ಅದು ತಪ್ಪು. ಸುಮಾರು 10 ಡಿಗ್ರಿಗಿಂತ ಕೆಳಗೆ ವಾರಗಟ್ಟಲೆ ಇಟ್ಟರೆ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ, ಕಂದು ಕಲೆ ಏಳುತ್ತದೆ. ಹೊರಗೆ ತೆಗೆದ ಮೇಲೆ ಬೂಷ್ಟಿಗೆ ಅದೇ ಬಾಗಿಲು.

ನಾನಿರುವ ವೆಲೆನ್ಸಿಯಾ ಸ್ಪೇನಿನ ಕಿತ್ತಳೆ ಸೀಮೆ. ಇಲ್ಲಿನ ಸಂಶೋಧಕರೂ ಇಸ್ರೇಲಿನವರೂ ಬಹಳ ಕಾಲದಿಂದ ತಂಪಿಗೆ ಮೊದಲು ಬಿಸಿ ಕೊಟ್ಟು ನೋಡುತ್ತಿದ್ದಾರೆ. 50-53 ಡಿಗ್ರಿ ನೀರಿನಲ್ಲಿ 2-3 ನಿಮಿಷ ಅದ್ದುವುದು ಒಂದು ದಾರಿ. ಬ್ರಷ್ ಮೇಲೆ ಉರುಳುವ ಹಣ್ಣಿಗೆ 60 ಡಿಗ್ರಿ ಆಸುಪಾಸಿನ ನೀರನ್ನು ಬರೀ 20 ಸೆಕೆಂಡ್ ಹಾಯಿಸುವುದು ಇನ್ನೊಂದು. ಸಿಪ್ಪೆಯ ಮೇಣ ಕರಗಿ ಸಣ್ಣ ಬಿರುಕುಗಳು ಮುಚ್ಚುತ್ತವೆ. ಹಸಿರು ಬೂಷ್ಟಿನ ಕಣಗಳು ಕುಗ್ಗುತ್ತವೆ. ಹಣ್ಣು ತಾನೂ ಎಚ್ಚೆತ್ತು, ಚಳಿ ತಡೆಯುವ ಪ್ರೋಟೀನು ಮಾಡಿಕೊಳ್ಳುತ್ತದೆ. ನನಗೆ ಹಿಡಿಸಿದ್ದು ಇದೇ.

ಹಾಗಂತ ಇಲ್ಲಿ ಎಲ್ಲರೂ ಬಿಸಿನೀರಿಗೇ ಬಿದ್ದಿದ್ದಾರೆ ಅಂತಲ್ಲ. ಅಂಗಡಿಯ ಕಿತ್ತಳೆ ಚೀಲದ ಮೇಲೆ ಇಮಜಾಲಿಲ್ ಅನ್ನುವ ಬೂಷ್ಟು ಔಷಧಿಯ ಹೆಸರು ಆರಾಮಾಗಿ ಸಿಗುತ್ತದೆ. ಔಷಧಿ ಸಿಪ್ಪೆಯ ಮೇಲೆ ಉಳಿದು ಕಾಯುತ್ತದೆ. ಬಿಸಿನೀರು ಏನನ್ನೂ ಬಿಟ್ಟು ಹೋಗುವುದಿಲ್ಲ. ತಿನ್ನುವವರಿಗೆ ಒಳ್ಳೆಯದೇ, ಆದರೆ ಸ್ನಾನವಾದ ಮೇಲೆ ಗಾಯವಾದರೆ ಕಾಯಲು ಯಾರೂ ಇಲ್ಲ. ಹಸಿರು ಬೂಷ್ಟು ಒಳಹೊಗುವುದೇ ಗಾಯದಿಂದ.

ಹಾಗಾಗಿ ನನ್ನ ತಕರಾರು ಗೋಣಿಚೀಲದ ಮೇಲೆ. ಇಲ್ಲಿ ಹಣ್ಣನ್ನು ಕತ್ತರಿಯಿಂದ ಬಿಡಿಸಿ ಕ್ರೇಟಿಗೆ ಇಳಿಸುತ್ತಾರೆ. ನಮ್ಮಲ್ಲಿ ನಿಂಬೆ ಚೀಲವನ್ನು ಲಾರಿಯಿಂದ ದಪ್ಪಂತ ಒಗೆಯುತ್ತಾರೆ. ಅದು ನಿಲ್ಲದೆ ಹಂಡೆ ಕಾಯಿಸಿದರೆ ಸುಮ್ನೆ ಕಟ್ಟಿಗೆ ದಂಡ.

ಇನ್ನೊಂದು ಮಾತು. ಬ್ಯಾಡಗಿಯಲ್ಲಿ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇವೆಯಲ್ಲ, ಒಂದು ಮೂಲೆಯಲ್ಲಿ ನಿಂಬೆಯನ್ನೂ ಇಡೋಣ ಅನ್ನುವವರಿದ್ದಾರೆ. ಅವು ಮೆಣಸಿನಕಾಯಿಗೆ ಮಾಡಿದವು. ಒಣ ಮೆಣಸಿಗೆ ತೇವ ಆಗದು. ನಿಂಬೆಗೆ 85-90 ಶೇಕಡಾ ತೇವ ಇಲ್ಲದಿದ್ದರೆ ಸಿಪ್ಪೆ ಸುಕ್ಕಾಗುತ್ತದೆ. ಬೇರೆ ಕೋಣೆಯೇ ಬೇಕು, 10 ಡಿಗ್ರಿಯದು. ಅಲ್ಲಿ ಹಸಿರು ನಿಂಬೆ ಆರರಿಂದ ಎಂಟು ವಾರ ತಾಳುತ್ತದೆ. ಫೆಬ್ರವರಿಯ ಹಣ್ಣನ್ನು ಏಪ್ರಿಲ್‌ನ ರೇಟಿಗೆ ಮಾರಲು ಅಷ್ಟು ಸಾಕು, ಅಲ್ವಾ?

ನಮ್ಮ ನಿಂಬೆಯ ಸಿಪ್ಪೆ ತೆಳು, ಬಿಸಿನೀರು ನಾಲ್ಕು ಡಿಗ್ರಿ ಜಾಸ್ತಿಯಾದರೂ ಸುಡಬಹುದು. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ಕಾಲೇಜಿದೆ. ಎಷ್ಟು ಡಿಗ್ರಿ, ಎಷ್ಟು ನಿಮಿಷ ಅಂತ ಅವರು ನಮ್ಮ ಕಡೆಯದೇ ಹಣ್ಣಿನ ಮೇಲೆ ನೋಡಿ ಹೇಳಿದರೆ, ಸ್ಪೇನಿನ ಲೆಕ್ಕ ನೆಚ್ಚಿಕೊಂಡು ಕೂರಬೇಕಾಗಿಲ್ಲ.