ನಮ್ಮ ಜಮೀನು ಕೆಲಸಕ್ಕೆ ಬಾರದ್ದು ಸ್ವಾಮಿ

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಕೇಳಿ ಗಂಟುಮೂಟೆ ಕಟ್ಟಿಕೊಂಡು ಬರುವವರು ಬಹಳ ಜನ. ನಾವೂ ಹಾಗೇ ಬಂದವರು. ಸಂಬಳದಲ್ಲಿ ಬಿಟ್ಟದ್ದನ್ನು ಮನೆಯಲ್ಲಿ ವಸೂಲಿ ಮಾಡುತ್ತಾರೆ ಅನ್ನೋದು ಏಪ್ರಿಲ್‌ನಲ್ಲಿ ತಿಳಿಯುತ್ತದೆ. ಆಗ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆಸ್ತಿಗೆ ಬೆಲೆ ಕಟ್ಟುವ ಅಪ್ರೈಸಲ್ ಕಚೇರಿಯಿಂದ ಕಾಗದ ಬರುತ್ತದೆ. ಜನವರಿ 1ಕ್ಕೆ ನಿಮ್ಮ ಆಸ್ತಿಯ ಬೆಲೆ ಇಷ್ಟು, ಒಪ್ಪದಿದ್ದರೆ ತಕರಾರು ಹಾಕಿ ಅಂತ.

ನಮ್ಮದು ಆಸ್ಟಿನ್‌ನಿಂದ ಪಶ್ಚಿಮಕ್ಕೆ, ಹಿಲ್ ಕಂಟ್ರಿಯ ಕಡೆ. ಜನಕ್ಕಿಂತ ದನ ಜಾಸ್ತಿ ಇರುವ ಕೌಂಟಿ. ಹೆಸರು ಬೇಡ, ಮುಂದಿನ ವರ್ಷವೂ ಅದೇ ಕಚೇರಿಗೆ ಹೋಗಬೇಕಲ್ಲ! ಒಂದು ಹಳೇ ಮನೆ, ಸುತ್ತ ಸುಣ್ಣಕಲ್ಲಿನ ಜಮೀನು, ಅದರ ತುಂಬ ಸೀಡರ್ ಗಿಡ, ಪಾಪಾಸುಕಳ್ಳಿ, ಅಲ್ಲಲ್ಲಿ ಓಕ್ ಮರ. ತಿಪಟೂರಿನಿಂದ ಬಂದಿದ್ದ ನಮ್ಮ ಮಾವನವರು ಒಂದು ಹಿಡಿ ಮಣ್ಣು ಎತ್ತಿ ನೋಡಿ, "ಇದಕ್ಕೆ ದುಡ್ಡು ಕೊಟ್ರಾ?" ಅಂತ ಕೇಳಿದ್ದರು.

ಕಾಗದದಲ್ಲಿ ಜಮೀನಿಗೆ ಎರಡು ಬೆಲೆ ಇರುತ್ತದೆ. ಮೊದಲನೆಯದು ಮಾರುಕಟ್ಟೆ ಬೆಲೆ. ಅದನ್ನು ನೋಡಿದಾಗ ಕೂತಿದ್ದರೆ ಒಳ್ಳೇದು. ಎರಡನೆಯದು, ಆ ನೆಲ ಮೇವು ಬೆಳೆದು ಎಷ್ಟು ದುಡಿಯಬಹುದು ಅನ್ನೋ ಲೆಕ್ಕದ ಬೆಲೆ. ತೆರಿಗೆ ಬೀಳುವುದು ಈ ಸಣ್ಣ ಬೆಲೆಗೆ. ಕಾನೂನಿನ ಭಾಷೆಯಲ್ಲಿ ಇದು 1-ಡಿ-1. ಊರವರ ಬಾಯಲ್ಲಿ ಆಗ್ ಎಕ್ಸೆಂಪ್ಷನ್, ಅಂದರೆ ಕೃಷಿ ವಿನಾಯಿತಿ. ಹಿಂದಿನ 7 ವರ್ಷಗಳಲ್ಲಿ 5 ವರ್ಷವಾದರೂ ಆ ನೆಲದಲ್ಲಿ ಬೇಸಾಯವೋ ದನಕರು ಮೇಯಿಸುವುದೋ ನಡೆದಿರಬೇಕು. ನಿಲ್ಲಿಸಿ ಬೇರೆ ಏನಾದರೂ ಮಾಡಿದಿರೋ, ಹಿಂದಿನ 3 ವರ್ಷದ ವ್ಯತ್ಯಾಸ ಕಕ್ಕಬೇಕು. ನಮ್ಮನ್ನು ಕಾಯುತ್ತಿರುವುದು ಪಕ್ಕದ ರಾಂಚಿನ ಯಜಮಾನರ ಆಡುಗಳು. ಅವು ನನ್ನ ಹೆಂಡತಿ ಮಗುವಿನಂತೆ ಸಾಕಿದ್ದ ಕರಿಬೇವಿನ ಗಿಡವನ್ನು ಬುಡ ಸಮೇತ ಮೇಯ್ದ ದಿನವೂ ನಾವು ಬಾಯಿ ಬಿಡಲಿಲ್ಲ. ಮೇಯುವುದೂ ಕೃಷಿಯೇ ಅಲ್ವಾ?

ಆದರೆ ಮನೆಗೆ ಆಡುಗಳ ರಕ್ಷಣೆ ಇಲ್ಲ. ಮನೆ ಮತ್ತು ಅದರ ಸುತ್ತಲಿನ ಜಾಗಕ್ಕೆ ಪೂರ್ತಿ ಬೆಲೆ. ವಾಸದ ಮನೆಯ ತೆರಿಗೆ ಬೆಲೆ ವರ್ಷಕ್ಕೆ 10 ಶೇಕಡಾಕ್ಕಿಂತ ಜಾಸ್ತಿ ಏರುವಂತಿಲ್ಲ ಅಂತ ನಿಯಮವೇನೋ ಇದೆ. ನಾವು ಹೊಸಬರು, ನಮಗದು ಇನ್ನೂ ಶುರುವಾಗಿರಲಿಲ್ಲ. ಮೇ 15ರೊಳಗೆ ತಕರಾರು ಅರ್ಜಿ ಹಾಕಿದೆ. ಬೆಲೆ ಜಾಸ್ತಿಯಾಯಿತು ಅನ್ನೋ ಚೌಕಕ್ಕೂ ಟಿಕ್, ನೆರೆಹೊರೆಗೆ ಹೋಲಿಸಿದರೆ ಅನ್ಯಾಯವಾಯಿತು ಅನ್ನೋ ಚೌಕಕ್ಕೂ ಟಿಕ್.

ಬೆಂಗಳೂರಿನಲ್ಲಿ ಮನೆ ತೆರಿಗೆಗೆ ನಾವೇ ಅಳೆದು, ನಾವೇ ಲೆಕ್ಕ ಹಾಕಿ ಕಟ್ಟುತ್ತೇವೆ. ಅಲ್ಲಿ ನಮ್ಮ ಸುಳ್ಳಿಗೆ ನಾವೇ ಹೊಣೆ. ಇಲ್ಲಿ ಅವರ ಊಹೆಗೆ ನಾವು ಉತ್ತರ ಹೇಳಬೇಕು. ಊಹೆ ಅಂದದ್ದು ಸುಮ್ನೆ ಅಲ್ಲ. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ಹೇಳಲೇಬೇಕೆಂಬ ಕಾನೂನಿಲ್ಲ. ವಿಚಾರಣೆಗೆ ಮೊದಲು ಅವರ ಪುರಾವೆ ಕೇಳಿ ತರಿಸಿಕೊಂಡೆ. ಆಕಾಶದಿಂದ ತೆಗೆದ ಫೋಟೋದಲ್ಲಿ ನಮ್ಮ ತಗಡಿನ ಶೆಡ್ಡು ದೊಡ್ಡ ಕೊಟ್ಟಿಗೆಯಾಗಿತ್ತು. ವರ್ಷದಲ್ಲಿ ಬಹುಪಾಲು ಒಣಗಿಯೇ ಇರುವ ಹಳ್ಳಕ್ಕೆ "ಹೊಳೆ ದಂಡೆ" ಅಂತ ಬಿರುದು ಸಿಕ್ಕಿತ್ತು. ಹೋಲಿಕೆಗೆ ಕೊಟ್ಟ ಮನೆ ಯಾವುದು ಗೊತ್ತಾ? ಎತ್ತರದ ಬೇಲಿ ಹಾಕಿ ಕೃಷ್ಣಮೃಗ ಸಾಕಿರುವ ಶ್ರೀಮಂತರೊಬ್ಬರ ಬೇಟೆ ಬಂಗಲೆ. 1930ರ ದಶಕದಲ್ಲಿ ತಂದ ಭಾರತ ಮೂಲದ ಕೃಷ್ಣಮೃಗ, ಚುಕ್ಕೆ ಜಿಂಕೆಗಳು ಈ ಗುಡ್ಡಗಳಲ್ಲಿ ಚೆನ್ನಾಗಿ ಬೆಳೆದುಕೊಂಡಿವೆ. ರಾಣೆಬೆನ್ನೂರಿನ ನೆಂಟರಿಂದ ನನಗೆ ಇಂಥ ಪೆಟ್ಟು ಬೀಳುತ್ತದೆ ಅಂತ ಎಣಿಸಿರಲಿಲ್ಲ.

ಸರಿ, ನಮ್ಮ ಪುರಾವೆ ಬೇಕಲ್ಲ. ವಸಂತದಲ್ಲಿ ನೀಲಿ ಹೂ ತುಂಬಿದ ಇದೇ ಅಂಗಳದ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ ಹೊಟ್ಟೆ ಉರಿಸಿದ್ದೆವು. ಈಗ ಬಿರುಕು, ತುಕ್ಕು, ಗೆದ್ದಲು ಹುಡುಕಿಕೊಂಡು ಮೊಣಕಾಲೂರಿ ಓಡಾಡಿದೆ. ಗೋಡೆಯ ಬಿರುಕಿನ ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆದೆ. ಬಿರುಕು ಸಣ್ಣದಾಗಿ ಕಂಡಿತು. ಚಿಕ್ಕ ನಾಣ್ಯ ಇಟ್ಟೆ.

"ಸಿಂಕ್ ಕೆಳಗಿಂದು ಮಾತ್ರ ಬೇಡ, ಮಾನ ಹೋಗುತ್ತೆ" ಅಂದಳು ಹೆಂಡತಿ.

"ಮಾನ ಹೋದಷ್ಟೂ ತೆರಿಗೆ ಕಮ್ಮಿ ಕಣೇ."

ವಿಚಾರಣೆ ನಡೆಸುವವರು ಕಚೇರಿಯ ನೌಕರರಲ್ಲ, ಊರಿನವರೇ. ಇಬ್ಬರು ಟೋಪಿಯ ಹಿರಿಯರು, ನಡುವೆ ಅಧ್ಯಕ್ಷೆಯಾಗಿ ಒಬ್ಬ ನಿವೃತ್ತ ಟೀಚರ್. ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿದರು. ಬೀಗರ ಮುಂದೆ ಕೂತು ನಮ್ಮ ಹುಡುಗ ದಡ್ಡ, ಸೋಮಾರಿ ಅಂತ ಸಾಬೀತು ಮಾಡಬೇಕಾದ ಸ್ಥಿತಿ ನನ್ನದು. ಚದರಡಿಯ ಲೆಕ್ಕದ ಹಾಳೆ ಹಂಚಿದೆ. ಯಾರೂ ನೋಡಲಿಲ್ಲ. ಒಬ್ಬ ಹಿರಿಯರು ಹಳ್ಳದ ಫೋಟೋವನ್ನೇ ಹಿಡಿದು ಕೂತರು.

"ಇದು ಆ ಹಳ್ಳ ದಾಟುವ ಕೆಳಗಿನ ರಸ್ತೆಯ ಪಕ್ಕದ್ದಲ್ವಾ? ಒಂದು ಮಳೆಗಾಲ ಇಲ್ಲೇ ಅಲ್ವಾ ಟ್ರಕ್ಕು ಕೊಚ್ಚಿಕೊಂಡು ಹೋಗಿದ್ದು?"

ನಮಗೆ ಮನೆ ಮಾರಿದವರು ಈ ಸುದ್ದಿ ಹೇಳಿರಲಿಲ್ಲ.

"ಅವರ ಬೋರ್‌ವೆಲ್ ನೀರು ಗಂಧಕ ನಾರುತ್ತೆ" ಅಂದರು ಇನ್ನೊಬ್ಬರು. "ಮೂರು ತಲೆಮಾರಿಂದ ನಾರುತ್ತೆ."

"ಪುರಾವೆಯಲ್ಲಿ ಇರೋದನ್ನ ಮಾತ್ರ ಮಾತಾಡಿ" ಅಂತ ಅಧ್ಯಕ್ಷೆ ಇಬ್ಬರಿಗೂ ಗದರಿದರು. ಹಾಗಂತ ಕೇಳಿದ್ದು ಕಿವಿಯಿಂದ ಹೊರಗೆ ಹೋಗುತ್ತದಾ? ಅಪ್ರೈಸಲ್ ಕಚೇರಿಯ ಪರವಾಗಿ ಬಂದಿದ್ದ ಹುಡುಗ ಪೆನ್ನು ತಿರುಗಿಸುತ್ತಾ ಕೂತಿದ್ದ. ನನಗೂ ಹೊಟ್ಟೆಯಲ್ಲಿ ತಳಮಳ. ತೆರಿಗೆ ಇಳಿಯುವ ಖುಷಿಗಿಂತ, ಕೊಂಡದ್ದು ಇಂಥ ಜಾಗವಾ ಅನ್ನೋ ಸಂಕಟವೇ ಜಾಸ್ತಿಯಾಯಿತು. ಕೊನೆಗೆ ನಾನು ಬರೆದುಕೊಟ್ಟಿದ್ದ ಬೆಲೆಯನ್ನೇ ಎತ್ತಿಹಿಡಿದರು. ಆದೇಶ ಪೋಸ್ಟಿನಲ್ಲಿ ಬರುತ್ತೆ, ಮುಂದಿನವರನ್ನು ಕರೀರಿ ಅಂದರು.

ಮುಂದಿನವರು ನಮ್ಮ ಆಡುಗಳ ಯಜಮಾನರೇ. ಅಷ್ಟು ಹೊತ್ತು ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಸರದಿ ಮುಗಿಸಿ, ಪಾರ್ಕಿಂಗ್‌ನಲ್ಲಿ ನನ್ನ ಕಾರಿನ ಬಾಗಿಲಿಗೆ ಒರಗಿ ನಿಂತರು.

"ಒಳಗೆ ಪ್ರಮಾಣ ಮಾಡಿ ಹೇಳಿದೆಯಲ್ಲ, ಆ ಬೆಲೆಗೆ ನಾನೇ ತಗೋತೀನಿ. ಚೆಕ್ ಪುಸ್ತಕ ಟ್ರಕ್ಕಲ್ಲೇ ಇದೆ."

ನನಗೆ ಎಲ್ಲಿತ್ತೋ ವಾಕ್ಚಾತುರ್ಯ. ಓಕ್ ಮರದ ನೆರಳು, ಬೆಳಗಿನ ಗಾಳಿ, ಗಟ್ಟಿಮುಟ್ಟು ಗೋಡೆ, ಹಿಂದೆ ಅಷ್ಟು ದೊಡ್ಡ ಕೊಟ್ಟಿಗೆ, ಸಾಲದ್ದಕ್ಕೆ ಹೊಳೆ ದಂಡೆ ಬೇರೆ ಅಂತ ಒಂದೇ ಉಸಿರಿನಲ್ಲಿ ಶುರುಮಾಡಿದೆ.

ಅವರು ಟೋಪಿ ಸರಿಮಾಡಿಕೊಂಡು ಕಚೇರಿಯ ಕಿಟಕಿಯತ್ತ ನೋಡಿದರು. "ಮೆಲ್ಲಗೆ ಕಣಯ್ಯಾ, ಅವರಿಗೆ ಕೇಳಿಸೀತು."