ಒಂದೇ ಜೀನ್‌ನಿಂದ ಆಯಸ್ಸು ದುಪ್ಪಟ್ಟು? ಒಂದು ಸ್ಪಷ್ಟನೆ

‘ಹಣ್ಣುನೊಣದ ಒಂದು ಜೀನ್ ತೆಗೆದರೆ ಆಯಸ್ಸು ದುಪ್ಪಟ್ಟು, ಮುಂದೆ ಮನುಷ್ಯರಿಗೂ’ ಎಂಬ ಸಂದೇಶ ಕಾಸರಗೋಡು, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಹಲಸಿನ ಸಿಪ್ಪೆಗೆ ಮುತ್ತುವ ನುಸಿಗಳ ಜಾತಿಯದ್ದೇ ಈ ನೊಣ. ‘ಇಂಡಿ’ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದ ನೊಣಗಳು ಸರಾಸರಿ ಸುಮಾರು ಎರಡು ಪಟ್ಟು ಬದುಕಿದವೆಂದು 2000ರಲ್ಲಿ ವರದಿಯಾದದ್ದು ಹೌದು. ಜೀನನ್ನು ತೆಗೆದದ್ದಲ್ಲ! 2007ರಲ್ಲಿ ಇನ್ನೊಂದು ತಂಡ, ಹೋಲಿಸುವ ಎರಡೂ ಗುಂಪಿನ ನೊಣಗಳಲ್ಲಿ ಉಳಿದ ಜೀನುಗಳು ಒಂದೇ ಥರ ಇರುವಂತೆ ಸಮಗೊಳಿಸಿ ಪರೀಕ್ಷಿಸಿದಾಗ ಆ ಲಾಭ ಕಾಣಲೇ ಇಲ್ಲ. ಒಂದು ಜೀನಿನ ಪ್ರಭಾವ ಜೊತೆಗಿರುವ ಬೇರೆ ಜೀನುಗಳ ಮೇಲೆ ನಿಂತಿದೆ; ಹಾಗಾಗಿ ಎರಡು ಜೀನುಗಳ ಲಾಭವನ್ನು ಸುಮ್ಮನೆ ಕೂಡಿಸಿ ಆಯಸ್ಸು ಹೇಳಲಾಗದು. ನೊಣ ತಿನ್ನುವ ಆಹಾರವೂ ಫಲಿತಾಂಶವನ್ನು ಬದಲಿಸುತ್ತದೆಂದು ಮೊದಲ ತಂಡದವರೇ ನಂತರ ತೋರಿಸಿದರು. ಸಂದೇಶದಲ್ಲಿ ಇದ್ಯಾವುದೂ ಇಲ್ಲ.